ಹೊಡೆಯದೆ ಉಳಿದ ಮೊಳೆ

ಮಾದೌ
1987 ಜೂನ್ 21, ಭಾನುವಾರ

ಛಾಯ್-ಹಾ,

ನಿನ್ನ ಪತ್ರ ತಲುಪಿತು. ಅಕ್ಷರ ಮೊದಲಿಗಿಂತ ಕೆಟ್ಟಿದೆ. ಹ್ವಾಲಿಯೆನ್‌ನಲ್ಲಿ ಮೇಜು ಸಿಗುವುದಿಲ್ಲವೆ? ಮೊಣಕಾಲ ಮೇಲಿಟ್ಟುಕೊಂಡು ಬರೆದಂತಿದೆ.

ಇಲ್ಲಿ ಎಲ್ಲರೂ ಆರೋಗ್ಯ. ಬೇಸಿಗೆ ಬಂತೆಂದರೆ ನಿನ್ನ ಅಣ್ಣಂದಿರಿಗೆ ಭಾನುವಾರಗಳು ಸಾಲುವುದಿಲ್ಲ. ಪಂಚಾಂಗದ ಏಳನೇ ತಿಂಗಳಲ್ಲಿ ಪ್ರೇತಗಳು ಊರಿಗೆ ಬಂದ ಮೇಲೆ ಗಾಡಿ ಮುಟ್ಟುವಂತಿಲ್ಲ, ಮನೆ ರಿಪೇರಿ ಮಾಡುವಂತಿಲ್ಲ, ನೀರಿನ ಕಡೆ ವಿಹಾರಕ್ಕೆ ಹೋಗುವಂತಿಲ್ಲ. ಹಾಗಾಗಿ ವರ್ಷವೆಲ್ಲ ಮುಂದೂಡಿದ್ದನ್ನು ಈಗ ಒಟ್ಟಿಗೆ ಮೈಮೇಲೆ ಎಳೆದುಕೊಂಡಿದ್ದಾರೆ. ಆ-ಸೆಂಗ್ ನೀಲಿ ಟ್ರಕ್ಕಿನ ಎಂಜಿನ್ ಬಿಚ್ಚಿ ಅರ್ಧ ಅಂಗಳಕ್ಕೆ ಹರಡಿದ್ದಾನೆ. ಉಳಿದರ್ಧದಲ್ಲಿ ನಮ್ಮ ಶಾವಿಗೆ ಒಣಗುತ್ತಿದೆ. "ಗ್ರೀಸು ಶಾವಿಗೆಗೆ ತಾಗಿದರೆ ಕೈ ಮುರೀತೀನಿ" ಎಂದೆ. "ಕೈ ಮುರಿದ್ರೆ ಇದನ್ನೆಲ್ಲ ಜೋಡಿಸೋರು ಯಾರಮ್ಮಾ?" ಅಂದ. ನಲವತ್ತು ದಾಟಿದವನ ಮಾತು ನೋಡು. ಕಿರಿಯವನು ಗೇಟನ್ನು ಕೀಲಿನಿಂದ ಇಳಿಸಿ ತುಕ್ಕು ಉಜ್ಜುತ್ತಿದ್ದಾನೆ. ಮಕ್ಕಳಿಗೆ ಸಮುದ್ರಕ್ಕೆ ಹೋಗಬೇಕಂತೆ.

ಪಕ್ಕದ ಮನೆಯ ಕಿಮ್-ತೀ ಬೇಲಿಯ ಮೇಲಿಂದ ಕತ್ತು ಚಾಚಿ ಕೇಳಿದಳು: "ಅಕ್ಕಾ, ಈ ಸಲ ಆರನೇ ತಿಂಗಳಿಗೆ ಅಧಿಕ ಮಾಸ ಬಿದ್ದಿದೆ, ನೋಡಿದ್ರಾ? ನನ್ನ ಮಗಳು ಮೊದಲನೇ ದಿನಾನೇ ಬರ್ತಾಳಂತೆ. ನಿಮ್ಮವಳು?" ಮದುವೆಯಾದ ಮಗಳು ಅಧಿಕ ಮಾಸದಲ್ಲಿ ಹಂದಿಕಾಲಿನ ಶಾವಿಗೆ ತಂದು ಉಣಿಸಿದರೆ ತಾಯಿಯ ಆಯಸ್ಸು ಗಟ್ಟಿಯಾಗುತ್ತದೆ ಎಂಬುದು ಜಗತ್ತಿನಲ್ಲಿ ಇವಳೊಬ್ಬಳಿಗೇ ತಿಳಿದಂತೆ ಊರಿಗೆಲ್ಲ ಸಾರುತ್ತಿದ್ದಾಳೆ. "ನನಗೆ ಅಂಗಳದ ತುಂಬ ಶಾವಿಗೆ ಇದೆ" ಎಂದೆ.

ಮೂರು ವರ್ಷದ ಹಿಂದಿನ ಅಧಿಕ ಮಾಸದಲ್ಲಿ ನೀನು ಹೊರಟಿದ್ದೆ. ಘಾಟಿಯಲ್ಲಿ ಬಸ್ಸು ಕುಲುಕಿ, ಅರ್ಧದಾರಿಯಲ್ಲೇ ಇಳಿದು ಆಸ್ಪತ್ರೆ ಸೇರಿದೆ. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಆ ಸಲ ಬರಲಿಲ್ಲವೆಂದು ನಾನು ಲೆಕ್ಕ ಇಟ್ಟಿಲ್ಲ.

ಈ ಸಲ ಜುಲೈ 26ರಿಂದ ಆಗಸ್ಟ್ 23. ನೆನಪಿಸಲು ಬರೆದದ್ದಲ್ಲ. ಪಂಚಾಂಗ ನಿನ್ನ ಮನೆಯಲ್ಲೂ ಇರುತ್ತದೆ.

ಅಮ್ಮ

*

ಹ್ವಾಲಿಯೆನ್
1987 ಜುಲೈ 1

ಅಮ್ಮ,

ಮೇಜಿದೆ. ಅದರ ಮೇಲೆ ಕಾರ್ಬ್ಯುರೇಟರ್ ಇದೆ. ಅದಕ್ಕೇ ಮೊಣಕಾಲು.

ನಿನ್ನ ಅಳಿಯ ಒಂದು ಹಳೆಯ ವ್ಯಾನ್ ಎಳೆದು ತಂದಿದ್ದಾನೆ. ಕಲ್ಲು ಕೊಯ್ಯುವ ಕಾರ್ಖಾನೆಯವರು ಬೇಡವೆಂದು ಮೂಲೆಗೆ ತಳ್ಳಿದ್ದು. ತಂದ ದಿನ ಅದಕ್ಕೆ ನಾಲ್ಕು ಚಕ್ರ ಇದ್ದವು, ಅಷ್ಟೇ. ಶನಿವಾರ ಮಧ್ಯಾಹ್ನ ಕೆಲಸದಿಂದ ಬಂದವನು ಅದರ ಕೆಳಗೆ ನುಗ್ಗಿದರೆ ಭಾನುವಾರ ಸಂಜೆಗೇ ಹೊರಬರುವುದು. ಅನ್ನದ ಬಟ್ಟಲನ್ನು ಕೆಳಗೇ ಜಾರಿಸುತ್ತೇನೆ. "ಉಪ್ಪು ಕಮ್ಮಿ" ಅಂತ ಎಂಜಿನ್ ಒಳಗಿಂದ ದನಿ ಬರುತ್ತದೆ.

ವ್ಯಾನ್ ಬೇಸರವಾದಾಗ ಮನೆ. ಚಾವಣಿಯ ತಗಡು ಅರ್ಧ ಬದಲಾಯಿಸಿದ್ದಾನೆ. ಮಲಗುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಬೀರು ಮಾಡುತ್ತಾನಂತೆ. ಹಲಗೆಗಳು ಬಂದು ಬಿದ್ದಿವೆ. ಬೆಳಗಾಗುವ ಮೊದಲೇ ಸುತ್ತಿಗೆ ಶುರು. ಪಕ್ಕದ ಮನೆಯವರು ಬಂದು "ಹಡಗು ಕಟ್ತಿದೀರಾ?" ಅಂತ ಕೇಳಿಹೋದರು.

ಈಗ ಗುಟ್ಟು ಹೇಳುತ್ತೇನೆ. ಅಧಿಕ ಮಾಸದ ಮೊದಲ ಭಾನುವಾರವೇ ನಾವು ಬರುತ್ತೇವೆ. ವ್ಯಾನ್ ಅದಕ್ಕೇ. ಹಂದಿಕಾಲು ಇಲ್ಲೇ ಬೇಯಿಸಿ ತರುತ್ತೇನೆ, ನಿನ್ನ ಅಂಗಳದ ಶಾವಿಗೆ ಮುಟ್ಟುವುದಿಲ್ಲ. ಉಣಿಸಿದ ಮೇಲೆ ನಿನ್ನನ್ನು ಕರೆದುಕೊಂಡು ಸಮುದ್ರದ ದಾರಿಯಲ್ಲಿ ಚಿಪೆನ್‌ಗೆ. ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಒಂದು ದಿನ ಸುಮ್ಮನೆ ಕೂರು. ನೀನು ಎಂದಾದರೂ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ.

ಅವನು ನಿನಗಾಗಿ ಕಿಟಕಿ ಬದಿಯ ಸೀಟಿಗೆ ಹೊಸ ಹೊದಿಕೆ ಹೊಲಿಸಿದ್ದಾನೆ. "ಅತ್ತೆಯವರನ್ನ ಇಲ್ಲೇ ಕೂರಿಸ್ತೀನಿ. ಸಮುದ್ರ ಪೂರ್ತಿ ಈ ಕಡೆಗೇ ಕಾಣತ್ತೆ" ಅಂದ. "ಅಮ್ಮ ಸಮುದ್ರ ನೋಡಲ್ಲ, ನೀನು ಗೇರ್ ಹಾಕೋ ಕೈ ನೋಡ್ತಾಳೆ" ಅಂದೆ. ಅಂದಿನಿಂದ ಗೇರು ಸದ್ದಿಲ್ಲದೆ ಬೀಳುವಂತೆ ಮಾಡಲು ಒದ್ದಾಡುತ್ತಿದ್ದಾನೆ.

ಛಾಯ್-ಹಾ

*

ಮಾದೌ
1987 ಜುಲೈ 8

ಛಾಯ್-ಹಾ,

ಊಟ ನೆಲದ ಮೇಲೆ ಜಾರಿಸುವುದು ನಾಯಿಗೆ. ಗಂಡನನ್ನು ಹೊರಗೆ ಕರೆದು, ಕೈ ತೊಳೆಸಿ, ಬಡಿಸು.

ಬಿಸಿನೀರು ನಮ್ಮ ಮನೆಯಲ್ಲೂ ಕಾಯುತ್ತದೆ. ಅದಕ್ಕಾಗಿ ಬೆಟ್ಟ ಸುತ್ತಬೇಕಾಗಿಲ್ಲ. ಆದರೆ ಎಲ್ಲ ಏರ್ಪಾಟು ಮಾಡಿದ ಮೇಲೆ ಬೇಡವೆಂದರೆ ಅಳಿಯನಿಗೆ ಅವಮಾನವಾಗುತ್ತದೆ. ನೋಡೋಣ. ನನ್ನ ಚಪ್ಪಲಿ ಸವೆದಿತ್ತು, ಪೇಟೆಯಿಂದ ಬಟ್ಟೆಯ ಬೂಟು ತಂದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೀರನ್ನು ಗೋಡೆಗೆ ಭದ್ರವಾಗಿ ಮೊಳೆ ಹೊಡೆದು ನಿಲ್ಲಿಸಲು ಹೇಳು. ಅಲ್ಲಿ ಭೂಮಿ ಆಗಾಗ ಅಲುಗುತ್ತದೆ. ಮತ್ತು ಬೇಗ ಮುಗಿಸಲಿ. ಮನೆಯಲ್ಲಿ ಸುತ್ತಿಗೆ ಎತ್ತಬಾರದ ಕಾಲ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನಿನ್ನ ಅತ್ತಿಗೆ ಬೀ-ಚೂ ಬಸಿರಾದಾಗ ನಮ್ಮ ಹಿತ್ತಿಲ ಬಾಗಿಲು ಹೆರಿಗೆಯವರೆಗೆ ಒಂದೇ ಕೀಲಿನ ಮೇಲೆ ನೇತಾಡುತ್ತಿತ್ತು. ಒಂದು ಮೊಳೆ ಹೊಡೆಯಲೂ ಒಂದು ಮಂಚ ಸರಿಸಲೂ ನಾನು ಬಿಟ್ಟಿರಲಿಲ್ಲ, ಪೆಟ್ಟು ಹೊಟ್ಟೆಯ ಕೂಸಿಗೆ ತಾಗುತ್ತದಲ್ಲ.

ಟ್ರಕ್ಕಿನ ಎಂಜಿನ್ ಮತ್ತೆ ಒಳಗೆ ಸೇರಿದೆ. ಎರಡು ಬೋಲ್ಟು ಉಳಿದಿವೆ. "ಕಂಪನಿಯವರು ಹೆಚ್ಚಿಗೆ ಕೊಟ್ಟಿರ್ತಾರಮ್ಮಾ" ಎಂದು ಆ-ಸೆಂಗ್ ಜೇಬಿಗೆ ಹಾಕಿಕೊಂಡ. ಇನ್ನು ಹಿಂಬದಿಯ ತಗಡು ಬಡಿದು ನೆಟ್ಟಗೆ ಮಾಡುವುದಿದೆ.

ಜುಲೈ 26ಕ್ಕೆ ಎಷ್ಟು ಗಂಟೆಗೆ ತಲುಪುತ್ತೀರಿ ಎಂದು ಬರೆ. ಕಿಮ್-ತೀ ಅಂದು ಬೇಲಿಯ ಹತ್ತಿರವೇ ಇರುತ್ತಾಳೆ.

ಅಮ್ಮ

*

ಹ್ವಾಲಿಯೆನ್
1987 ಜುಲೈ 19

ಅಮ್ಮ,

26ಕ್ಕೆ ಬರಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡ. ತಿಂಗಳು ಪೂರ್ತಿ ಇದೆಯಲ್ಲ.

ವ್ಯಾನ್ ಓಡುತ್ತಿದೆ. ಆದರೆ ಈಗ ಅದರ ಕೆಲಸವನ್ನು ಮನೆಯ ಹತ್ತಿರ ಮಾಡುತ್ತಿಲ್ಲ, ರಸ್ತೆಯ ಕೊನೆಯ ಗೆಳೆಯನ ಗ್ಯಾರೇಜಿಗೆ ಒಯ್ದಿದ್ದಾನೆ. ಚಾವಣಿಯ ಉಳಿದರ್ಧಕ್ಕೆ ಟಾರ್ಪಾಲು ಹೊದಿಸಿದ್ದಾನೆ. ಬೀರಿನ ಹಲಗೆಗಳು ಪಕ್ಕದ ಮನೆಯ ಕೊಟ್ಟಿಗೆಯಲ್ಲಿವೆ. ಸೆಖೆ ಬಹಳ. ಕೆಲಸ ಮಾಡಲು ಯಾರಿಗೂ ಮನಸ್ಸಿಲ್ಲ.

ನಿನ್ನ ಬೂಟು ಯಾವ ಬಣ್ಣ?

ಛಾಯ್-ಹಾ

*

ಮಾದೌ
1987 ಜುಲೈ 28

ಛಾಯ್-ಹಾ,

ಕಪ್ಪು. ಪೆಟ್ಟಿಗೆಯಿಂದ ತೆಗೆದಿಲ್ಲ.

ಅಧಿಕ ಮಾಸ ಶುರುವಾಗಿ ಮೂರನೇ ದಿನ. ಊರಿನ ಹೆಣ್ಣುಮಕ್ಕಳೆಲ್ಲ ನಮ್ಮ ಅಂಗಳಕ್ಕೆ ಬಂದು ಶಾವಿಗೆ ಕೊಂಡು ತಮ್ಮ ತಮ್ಮ ಅಮ್ಮಂದಿರ ಮನೆಗೆ ಹೋಗುತ್ತಿದ್ದಾರೆ. ಹಿಟ್ಟು ನಾದಿ, ಎಳೆದು, ಬಿಸಿಲಿಗೆ ಹಾಕಿ, ಕೆಂಪು ಕಾಗದ ಸುತ್ತಿ ಕೊಡುತ್ತಿದ್ದೇನೆ. "ನಿಮ್ಮ ಕೈಯ ಶಾವಿಗೆ ತುಂಡಾಗಲ್ಲ ಅಜ್ಜಿ, ನಮ್ಮಮ್ಮ ನೂರು ವರ್ಷ ಇರ್ತಾಳೆ" ಎಂದು ಹೇಳಿ ಹೋಗುತ್ತಾರೆ. ಇರಲಿ. ವ್ಯಾಪಾರ ಚೆನ್ನಾಗಿದೆ.

ಕಿಮ್-ತೀ ಭಾನುವಾರ ಬಟ್ಟಲು ಹಿಡಿದು ಬೇಲಿಯ ಬಳಿಯೇ ನಿಂತು ಉಂಡಳು. ಒಳಗೆ ಮೇಜಿಲ್ಲವೇನೋ. "ನಿಮ್ಮವಳು ದಾರೀಲಿದಾಳಾ ಅಕ್ಕಾ?" ಎಂದಳು. "ಅವಳಿಗೆ ನೂರು ಕೆಲಸ" ಎಂದೆ.

ಆ ನೂರು ಕೆಲಸ ಏನೆಂದು ನಾನೇ ನಿನ್ನನ್ನು ಕೇಳಬೇಕು. ಜುಲೈ ಒಂದರಂದು ಬೆಳಗಾಗುವ ಮೊದಲೇ ಸುತ್ತಿಗೆ ಎಂದು ಬರೆದಿದ್ದೆ. ಮೂರು ವಾರದೊಳಗೆ ಚಾವಣಿ ಅರ್ಧಕ್ಕೆ, ಬೀರು ಕೊಟ್ಟಿಗೆಗೆ, ವ್ಯಾನು ಬೇರೆಯವರ ಗ್ಯಾರೇಜಿಗೆ. ತಲೆಯ ಮೇಲಿನ ತಗಡನ್ನು ಅರ್ಧಕ್ಕೆ ಬಿಡುವ ಗಂಡಸು ಮಿಕ್ಕಿದ್ದನ್ನೂ ಅರ್ಧಕ್ಕೆ ಬಿಡುತ್ತಾನೆ. ಸೆಖೆಯಂತೆ! ಇಲ್ಲಿ ಮಂಜು ಬೀಳುತ್ತಿದೆಯೆ? ನಿನ್ನ ಗಂಡ ಥಿಯಾಮ್-ಹೋಕ್ ಮನೆಯಲ್ಲಿದ್ದಾನೋ ಇಲ್ಲವೋ, ನೇರವಾಗಿ ಬರೆ. ಜಗಳವಾಗಿದ್ದರೆ ಅದನ್ನೂ ಬರೆ. ಇಲ್ಲಿ ನಿನ್ನ ಕೋಣೆಯಲ್ಲಿ ಗೋಧಿ ಹಿಟ್ಟಿನ ಚೀಲಗಳಿವೆ, ಒಂದು ದಿನದಲ್ಲಿ ತೆರವು ಮಾಡಿಸಬಹುದು.

ಅಮ್ಮ

*

ಹ್ವಾಲಿಯೆನ್
1987 ಆಗಸ್ಟ್ 4

ಅಮ್ಮ,

ಹಿಟ್ಟಿನ ಚೀಲಗಳು ಅಲ್ಲೇ ಇರಲಿ. ನನ್ನ ಗಂಡ ಮನೆಯಲ್ಲೇ ಇದ್ದಾನೆ. ಅವನು ಸೋಮಾರಿಯಲ್ಲ. ಬಟ್ಟೆ ಒಗೆಯುತ್ತಾನೆ, ಗಂಜಿ ಬೇಯಿಸುತ್ತಾನೆ, ತಳ ಹಿಡಿಸುತ್ತಾನೆ. ಸುತ್ತಿಗೆಯನ್ನು ಪಕ್ಕದ ಮನೆಗೆ ಕೊಟ್ಟಿದ್ದಾನೆ. ಅವನ ಬಗ್ಗೆ ಹಾಗೆ ಬರೆಯಬೇಡ.

ನಿನ್ನೆ ಜೋರು ಮಳೆ. ಟಾರ್ಪಾಲು ಸರಿದು ಸರಿಯಾಗಿ ನಮ್ಮ ಮಂಚದ ಕಾಲ್ದೆಸೆಗೆ ಸೋರತೊಡಗಿತು. ಮಂಚ ಸ್ವಲ್ಪ ಸರಿಸಿದರೆ ಮುಗಿಯುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಬಕೆಟ್ಟು ಹಿಡಿದು ಕಾಲ್ದೆಸೆಯಲ್ಲೇ ಕೂತ. "ನೀನು ಮಲಕ್ಕೋ. ನಾನಿವತ್ತು ಜಲಪಾತದ ಕೆಳಗಿಟ್ಟ ತಂಬಿಗೆ" ಅಂದ. ನಗು ಬಂತು. ನಗಲು ಹೆದರಿಕೆಯೂ ಆಯಿತು.

ಅಮ್ಮ, ನಾವು 16ರ ಭಾನುವಾರ ಬಂದೇ ಬರುತ್ತೇವೆ. ವ್ಯಾನಿನ ಹಿಂದಿನ ಸೀಟು ತೆಗೆದು ಅಲ್ಲಿ ಹಾಸಿಗೆ ಹಾಸುತ್ತಾನಂತೆ. ಘಾಟಿಯಲ್ಲಿ ನಡೆಯುವಷ್ಟು ನಿಧಾನಕ್ಕೆ ಓಡಿಸುತ್ತಾನಂತೆ. ಹೋದ ಸಲ ನಿನಗೆ ಶಾವಿಗೆ ಮುಟ್ಟಿಸಲು ಆಗಲಿಲ್ಲ. ಇನ್ನೊಮ್ಮೆ ಮೂರು ವರ್ಷ ನಿನ್ನನ್ನು ಕಾಯಿಸುವ ಧೈರ್ಯ ನನಗಿಲ್ಲ. ದಾರಿ ಎಷ್ಟೇ ಕೆಟ್ಟಿರಲಿ, ಬರುತ್ತೇನೆ.

ಛಾಯ್-ಹಾ

*

ಮಾದೌ
1987 ಆಗಸ್ಟ್ 7
ತುರ್ತು ಅಂಚೆ

ಛಾಯ್-ಹಾ,

ಬರಬೇಡ.

16ಕ್ಕೂ ಬೇಡ, 23ಕ್ಕೂ ಬೇಡ. ಆ ವ್ಯಾನು ಹತ್ತಬೇಡ. ಬಸ್ಸೂ ಬೇಡ. ನನಗೆ ಯಾರ ಹಂದಿಕಾಲೂ ಬೇಕಾಗಿಲ್ಲ. ಈ ಮಾತು ಮೀರಿ ಬಂದರೆ ಗೇಟು ಹಾಕಿಸುತ್ತೇನೆ. ನೀನು ರಸ್ತೆಯಲ್ಲೇ ನಿಂತು ವಾಪಸು ಹೋಗಬೇಕಾಗುತ್ತದೆ. ಕಿಮ್-ತೀ ನೋಡಿದರೆ ನೋಡಲಿ.

ಕಾರಣ ಕೇಳಬೇಡ. ಇದರ ಬಗ್ಗೆ ಮತ್ತೆ ಬರೆಯಲೂ ಬೇಡ.

ಅಮ್ಮ

*

ಹ್ವಾಲಿಯೆನ್
1987 ಆಗಸ್ಟ್ 13

ಅಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಹೇಳಿದಂತೆಯೇ ಆಗಲಿ.

ಕಾರಣ ಕೇಳುವುದಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಬರಿಗೈಯಲ್ಲಿ ಬರುವ ಮಗಳನ್ನು ಕಿಮ್-ತೀ ಅತ್ತೆಯ ಕಣ್ಣೆದುರು ಬರಮಾಡಿಕೊಳ್ಳುವುದು ನಿಮಗೆ ಕಷ್ಟವೆಂದು ತಿಳಿದುಕೊಂಡಿದ್ದೇನೆ. ಅಂಥ ಕೈಯಿಂದ ಉಂಡ ಶಾವಿಗೆಯಿಂದ ಯಾರ ಆಯಸ್ಸೂ ಬೆಳೆಯಲಾರದು.

ಥಿಯಾಮ್-ಹೋಕ್ ಪತ್ರ ಓದಿ ಮಡಿಸಿಟ್ಟ. ಹೊರಗೆ ಹೋಗಿ ವ್ಯಾನಿನ ಕಿಟಕಿ ಬದಿಯ ಆ ಸೀಟನ್ನು ಒರೆಸುತ್ತ ಬಹಳ ಹೊತ್ತು ನಿಂತಿದ್ದ.

ಗೇಟು ಹಾಕಿಸುವ ಶ್ರಮ ಬೇಡ. ನಾವು ಬರುವುದಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಛಾಯ್-ಹಾ

*

ಮಾದೌ
1987 ಆಗಸ್ಟ್ 18
ತುರ್ತು ಅಂಚೆ

ಛಾಯ್-ಹಾ,

ನಿನ್ನ ಪತ್ರ ನಿನ್ನೆ ಬಂತು. ಈ ಸಲ ಅಕ್ಷರ ಚೆನ್ನಾಗಿದೆ. ಕೋಪ ಬಂದಾಗ ನಿನ್ನ ಅಕ್ಷರ ನೆಟ್ಟಗಾಗುತ್ತದೆ. ನನ್ನದೂ ಹಾಗೆಯೇ.

ಗೇಟು ಹಾಕಿಸುತ್ತೇನೆಂದು ಬರೆದೆ. ಬೇರೆ ಹೇಗೆ ಬರೆದಿದ್ದರೂ ನೀನು ಹೊರಟುಬಿಡುತ್ತಿದ್ದೆ. ನಿನ್ನನ್ನು ಹೆತ್ತವಳಿಗೆ ಅಷ್ಟೂ ತಿಳಿಯದೆ? ನಿಜ ಹೇಳಬೇಕೆಂದರೆ ಹಾಕಿಸಲು ಗೇಟೇ ಇಲ್ಲ. ಇಳಿಸಿದ್ದು ಗೋಡೆಗೊರಗಿ ಇನ್ನೂ ಅಲ್ಲೇ ನಿಂತಿದೆ. ಹಳೆಯ ಕೀಲು ಕೊಳೆತಿದೆ. ಹೊಸದನ್ನು ಬಡಿದು ಕೂರಿಸಬೇಕು, ನಾನು ಬಿಡುತ್ತಿಲ್ಲ.

ಮಂಚ ಸರಿಸಲಿಲ್ಲ ಎಂಬ ನಿನ್ನ ಪತ್ರ ಬಂದ ದಿನ ಆ-ಸೆಂಗ್ ಟ್ರಕ್ಕಿನ ಹಿಂಬದಿಯ ತಗಡು ಬಡಿಯುತ್ತಿದ್ದ. ಪತ್ರ ಮಡಿಸಿ ಹೊರಗೆ ಹೋಗಿ "ನಿಲ್ಲಿಸು" ಎಂದೆ. "ಅಮ್ಮಾ, ಪಂಚಾಂಗ ಸರಿಯಾಗಿ ನೋಡಿದ್ಯಾ? ಪ್ರೇತಗಳು ಬರೋಕೆ ಇನ್ನೂ ಎಷ್ಟೋ ದಿನ ಇದೆ" ಎಂದ. "ನನಗೆ ಪಂಚಾಂಗ ಕಲಿಸಬೇಡ. ಈ ಮನೆಯಲ್ಲಿ ಇನ್ನು ಒಂದು ಮೊಳೆಯೂ ಹೊಡೆಯಕೂಡದು" ಎಂದೆ. ಅವನು ತಮ್ಮನ ಕಡೆ ತಿರುಗಿ "ಅಮ್ಮಂಗೆ ವಯಸ್ಸಾಯ್ತು ಕಣೋ" ಅಂದದ್ದು ನನಗೆ ಕೇಳಿಸಿತು. ಬೀ-ಚೂ ಮಾತ್ರ ನನ್ನ ಕೈಯಲ್ಲಿದ್ದ ಪತ್ರ ನೋಡಿದಳು, ನನ್ನ ಮುಖ ನೋಡಿದಳು. ಮನೆಯ ಸುತ್ತಿಗೆಗಳನ್ನೆಲ್ಲ ಆರಿಸಿ, ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಚೀಲಗಳ ಹಿಂದೆ ಇಟ್ಟಳು. ಆ ಹುಡುಗಿಗೆ ಬುದ್ಧಿ ಇದೆ. ನಡುವೆ ದೊಡ್ಡ ಪರ್ವತವಿದೆ, ಇಲ್ಲಿಯ ಪೆಟ್ಟು ಅಲ್ಲಿಗೆ ತಾಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಿಡಲಿಲ್ಲ.

ನಾನು ನಿನ್ನನ್ನು ಹೊತ್ತಾಗ ನಿನ್ನ ಅಜ್ಜಿ ಹೀಗೆಯೇ ಸುತ್ತಿಗೆ ಬಚ್ಚಿಟ್ಟಿದ್ದರು. ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಆಡಿದರೆ ನಿಲ್ಲುವುದಿಲ್ಲ ಎಂದು ಭಯ. ಆದ್ದರಿಂದ ನಾನು ಏನನ್ನೂ ಕೇಳುತ್ತಿಲ್ಲ. ನೀನೂ ಹೇಳಬೇಡ. ಹೇಳುವ ಹೊತ್ತು ಬಂದಾಗ ಮೊದಲು ನನಗೆ ಹೇಳು, ಅಷ್ಟೇ.

ಬರಿಗೈಯ ಮಗಳು ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಓದಿಲ್ಲ.

ಈಗ ಗಮನವಿಟ್ಟು ಓದು. ಶುಕ್ರವಾರ ಬೆಳಿಗ್ಗೆ ಹೊರಡುತ್ತೇನೆ. ಟ್ರಕ್ಕಿನ ಹಿಂಬದಿ ಬಿಚ್ಚಿದ್ದು ಬಿಚ್ಚಿದಂತೆಯೇ ಇದೆ, ಆದ್ದರಿಂದ ಬಸ್ಸು. ಕಾಓಸ್ಯುಂಗ್‌ನಲ್ಲಿ ಇಳಿದು ತೈತುಂಗ್‌ಗೆ ಇನ್ನೊಂದು ಬಸ್ಸು. ಅಲ್ಲಿ ಒಂದು ರಾತ್ರಿ ತಂಗಿ, ಮುಂದೆ ರೈಲು. ಶನಿವಾರ ಮಧ್ಯಾಹ್ನ ಹ್ವಾಲಿಯೆನ್ ನಿಲ್ದಾಣಕ್ಕೆ ಥಿಯಾಮ್-ಹೋಕ್ ಒಬ್ಬನೇ ವ್ಯಾನ್ ತರಲಿ. ನೀನು ಮನೆಯಲ್ಲಿರು. ಆ ಕಿಟಕಿ ಬದಿಯ ಸೀಟು ಖಾಲಿ ಇರಲಿ. ಗೇರು ಹೇಗೆ ಹಾಕುತ್ತಾನೆ ಎಂದು ನೋಡುವುದಿದೆ. "ನೀವೊಬ್ಬರೇ ಹೋಗ್ತೀರಾ? ಹಂದಿಕಾಲು ಉಣ್ಣೋಕೆ ಅಮ್ಮಾನೇ ಮಗಳ ಮನೆಗೆ ಹೋಗೋದು ಎಲ್ಲಾದ್ರೂ ಉಂಟಾ ಅಕ್ಕಾ?" ಎಂದು ಕಿಮ್-ತೀ ಬೇಲಿ ಹಿಡಿದುಕೊಂಡು ಕೇಳಿದಳು. "ವಿಹಾರಕ್ಕೆ ಹೋಗ್ತಿದೀನಿ" ಎಂದೆ. ಕಪ್ಪು ಬೂಟು ಹಾಕಿಕೊಂಡು ಬೇಲಿಯುದ್ದಕ್ಕೂ ಎರಡು ಸಲ ನಡೆದೆ.

ಹಂದಿಕಾಲನ್ನು ಥಿಯಾಮ್-ಹೋಕ್ ಅಂಗಡಿಯಲ್ಲೇ ತುಂಡು ಮಾಡಿಸಿ ತರಲಿ. ನೀನು ಕತ್ತಿ ಎತ್ತಬೇಡ. ಶಾವಿಗೆ ನಾನು ತರುತ್ತೇನೆ. ಅಧಿಕ ಮಾಸ ಶುರುವಾದ ದಿನ ನಿನ್ನ ಹೆಸರಿನಲ್ಲಿ ಒಂದು ಕಟ್ಟು ಎಳೆದು ಒಣಗಿಸಿ ತೆಗೆದಿಟ್ಟಿದ್ದೆ. ಯಾರಿಗೂ ಕೊಟ್ಟಿಲ್ಲ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಬೇಯಿಸು. ಭಾನುವಾರ, ಅಧಿಕ ಮಾಸದ ಕೊನೆಯ ದಿನ, ನಾನು ನಿನ್ನ ಮನೆಯ ಹೊರಗೆ ಅಂಗಳದಲ್ಲಿ ಕುಳಿತಿರುತ್ತೇನೆ. ನೀನು ಹೊಸ್ತಿಲು ದಾಟಿ ಬಟ್ಟಲು ತಂದು ನನ್ನ ಕೈಗೆ ಕೊಡು. ಮಗಳು ಮನೆಯಿಂದ ಹೊತ್ತು ತಂದಂತೆಯೇ ಆಯಿತು. ಎಷ್ಟು ದೂರ ಹೊತ್ತು ತರಬೇಕೆಂದು ಯಾರೂ ಹೇಳಿಲ್ಲ.

ಮಾರನೆಯ ದಿನ ಏಳನೇ ತಿಂಗಳು. ಆ ತಿಂಗಳಲ್ಲಿ ನಾನು ದೂರದ ಪ್ರಯಾಣ ಮಾಡುವವಳಲ್ಲ ಎಂದು ನಿನಗೆ ಗೊತ್ತು. ಹಾಗಾಗಿ ಅದು ಮುಗಿಯುವವರೆಗೆ ಅಲ್ಲೇ ಇರಬೇಕಾಗುತ್ತದೆ. ಇಲ್ಲಿಯ ಪ್ರೇತಗಳಿಗೆ ಈ ವರ್ಷ ಬೀ-ಚೂ ಎಡೆ ಇಡುತ್ತಾಳೆ. ಅವು ನನ್ನನ್ನು ಕೇಳಿದರೆ ಮಗಳ ಮನೆಗೆ ಹೋಗಿದ್ದಾರೆ ಎಂದು ಹೇಳಲು ತಿಳಿಸಿದ್ದೇನೆ. ಚಿಪೆನ್ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದೊಂದು ವರ್ಷ ಎಲ್ಲರೂ ಹೋಗೋಣ.

ಚಾವಣಿ ಸೋರಿದರೆ ಸೋರಲಿ, ನಾನೊಂದು ಬಕೆಟ್ಟು ಹಿಡಿಯುತ್ತೇನೆ. ಹಲಗೆಗಳು ಕೊಟ್ಟಿಗೆಯಲ್ಲೇ ಇರಲಿ. ಗೆದ್ದಲು ಹಿಡಿಯದಂತೆ ನೋಡಿಕೊಳ್ಳಲು ಹೇಳು.

ಶಾವಿಗೆಯನ್ನು ಪಾತ್ರೆಗೆ ಹಾಕುವಾಗ ಮುರಿಯಬೇಡ. ಉದ್ದಕ್ಕೇ ಬೇಯಲಿ. ನನಗೆ ಇನ್ನೂ ಬಹಳ ವರ್ಷ ಬೇಕು. ಆ ಬೀರು ಮುಗಿಯುವುದನ್ನು ನೋಡಬೇಕು.

ಅಮ್ಮ